ಎಡಗಡೆಯ ಹಲ್ಲುನೋವು

ತಾತ ರಾತ್ರಿಯ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಏಳತೊಡಗಿದ್ದು ಚಳಿಗಾಲ ಮುಗಿಯುತ್ತಾ ಬಂದಾಗ. ಸೊಸೆ ಮೊದಮೊದಲು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ವಯಸ್ಸಾದವರ ಹೊಟ್ಟೆ, ಒಂದು ದಿನ ಸೇರುತ್ತದೆ, ಒಂದು ದಿನ ಇಲ್ಲ ಎಂದುಕೊಂಡಳು. ಆದರೆ ದಿನವೂ ಅದೇ ಆಯಿತು. ಅನ್ನ ಮುಗಿದಿರುತ್ತಿತ್ತು, ಅದರ ಪಕ್ಕ ಹಾಕಿದ ಬೀನ್ಸು ಹಾಕಿದ ಹಾಗೆಯೇ ಇರುತ್ತಿತ್ತು.

"ನೋಡಿ, ನಿಮ್ಮಪ್ಪನಿಗೆ ನನ್ನ ಅಡುಗೆ ಹಿಡಿಸ್ತಿಲ್ಲ," ಎಂದು ಗಂಡನಿಗೆ ತಟ್ಟೆ ತೋರಿಸಿದಳು.

"ಹಸಿವಿರಲಿಕ್ಕಿಲ್ಲ ಬಿಡು."

"ಮಧ್ಯಾಹ್ನ ಅತ್ತೆ ಕೊಟ್ಟ ಬಟ್ಟಲು ತೊಳೆದಿಟ್ಟ ಹಾಗೆ ವಾಪಸ್ ಬರುತ್ತಲ್ಲ? ಆವಾಗ ಎಲ್ಲಿಂದ ಬರುತ್ತೆ ಹಸಿವು?"

ಅವಳು ಹೇಳಿದ್ದು ನಿಜವಾಗಿತ್ತು.

ಅವರದು ಕೆಳಗೆ ಅಂಗಡಿ, ಮೇಲೆ ಮನೆ. ಕ್ಷೌರದ ಅಂಗಡಿ. ಒಳಗೆ ಎರಡು ತಿರುಗುವ ಕುರ್ಚಿಗಳು. ಕಿಟಕಿಯ ಪಕ್ಕದ್ದು ತಾತನದು, ಒಳಗಡೆಯದು ಮಗನದು. ಮಗನ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದ್ದರೂ ಹಳೆಯ ಗಿರಾಕಿಗಳಿಗೆ ಅವನು ಇನ್ನೂ ಚಿಕ್ಕೋನು. ಸೊಸೆ ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂರುತ್ತಿದ್ದಳು. ಹಾಗಾಗಿ ಮಧ್ಯಾಹ್ನದ ಅಡುಗೆ ಅಜ್ಜಿಯದು, ರಾತ್ರಿಯದು ಸೊಸೆಯದು. ಮಧ್ಯಾಹ್ನ ತಾತ ಮೇಲೆ ಬರುತ್ತಿರಲಿಲ್ಲ. ಅಜ್ಜಿ ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕಿ, ಚಮಚ ಸಿಕ್ಕಿಸಿ, ಕೆಳಗೆ ಕೊಂಡೊಯ್ಯುತ್ತಿದ್ದಳು. ತಾತ ಅಂಗಡಿಯ ಬಾಗಿಲಲ್ಲಿ ನಿಂತು, ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುತ್ತಾ, ಬೀದಿ ನೋಡುತ್ತಾ ಅದನ್ನು ಖಾಲಿ ಮಾಡುತ್ತಿದ್ದ.

ಒಂದು ರಾತ್ರಿ ಸೊಸೆ ಕೇಳಿಯೇ ಬಿಟ್ಟಳು. "ಮಾವ, ಬೀನ್ಸು ಬೇಡವಾ?"

"ಎಲ್ಲಿ ಬೀನ್ಸು?"

"ಕಣ್ಣೆದುರಿಗೇ ಇದೆಯಲ್ಲ."

ತಾತ ತಟ್ಟೆ ನೋಡಿದ. "ಎಲ್ಲ ತಿಂದಾಯ್ತಲ್ಲಮ್ಮ," ಎಂದು ಬಾಯಿ ಒರೆಸಿಕೊಂಡ.

ಸೊಸೆ ಅತ್ತೆಯ ಮುಖ ನೋಡಿದಳು. ಅಜ್ಜಿ ತನ್ನ ತಟ್ಟೆಯಿಂದ ತಲೆಯೆತ್ತದೆ, "ಉಪ್ಪಿಲ್ಲ, ಹುಳಿಯಿಲ್ಲ. ಅದು ಬೀನ್ಸು ಅಂತ ಗುರುತು ಹಿಡಿಯೋದು ಹ್ಯಾಗೆ?" ಎಂದಳು.

"ಉಪ್ಪು ಕಡಿಮೆ ಮಾಡಿ ಅಂದಿದ್ದು ಡಾಕ್ಟರು, ನಾನಲ್ಲ."

"ಅವರು ಕಡಿಮೆ ಅಂದ್ರು. ನೀನು ಡಬ್ಬಿಯನ್ನೇ ಬಚ್ಚಿಟ್ಟೆ."

"ಅಂದ್ರೆ ಮಧ್ಯಾಹ್ನ ನೀನು ಉಪ್ಪು ಹಾಕ್ತೀಯಾ ಅಜ್ಜಿ?" ಎಂದಳು ಮೊಮ್ಮಗಳು ಗುಬ್ಬಿ. ಶಾಲೆಯ ಕೊನೆಯ ವರ್ಷದಲ್ಲಿದ್ದ ಅವಳಿಗೆ ಇಂಥ ಜಾಗದಲ್ಲೇ ಮಾತು ಹುಟ್ಟುತ್ತಿತ್ತು.

"ನಿನ್ನ ತಟ್ಟೆ ನೋಡ್ಕೊಂಡು ತಿನ್ನು," ಎಂದಳು ಅಜ್ಜಿ.

ಡಾಕ್ಟರು ಉಪ್ಪಿನ ಮಾತು ಹೇಳಿದ್ದು ಚಳಿಗೆ ಮುಂಚೆ. ಒಂದು ಬೆಳಿಗ್ಗೆ ತಾತನ ಮಾತು ತೊದಲಿತ್ತು. ಬಾಯಲ್ಲಿ ಬಿಸಿ ಪದಾರ್ಥ ಇಟ್ಟುಕೊಂಡವರ ಹಾಗೆ. ಮಧ್ಯಾಹ್ನದೊಳಗೆ ಸರಿಹೋಯಿತು. ಬೀದಿಯ ಡಾಕ್ಟರು ಬಿಪಿ ನೋಡಿ, ಮಾತ್ರೆ ಬರೆದು, ಸಿಗರೇಟು ಬಿಡಿಸಿದರು. ಮಾತು ಸರಿಹೋದ ಮೇಲೆ ಕಾಯಿಲೆಯೂ ಹೋಯಿತೆಂದು ಮನೆಯವರು ಅಂದುಕೊಂಡಿದ್ದರು.

ಸಂಧಾನಕ್ಕೆಂದು ಸೊಸೆ ಒಂದು ದಿನ ಮೊಟ್ಟೆ ಬೇಯಿಸಿದಳು. ಮೊಟ್ಟೆಯೆಂದರೆ ತಾತನಿಗೆ ಪ್ರಾಣ. ಎರಡಾಗಿ ಸೀಳಿ, ಮೇಲೆ ಮೆಣಸಿನ ಪುಡಿ ಉದುರಿಸಿ, ಬೀನ್ಸು ಇಡುತ್ತಿದ್ದ ಜಾಗದಲ್ಲೇ ಇಟ್ಟಳು. ತಾತ ಅನ್ನ ಉಂಡು ಎದ್ದುಹೋದ. ಮೊಟ್ಟೆಯ ಹಳದಿ ಎರಡು ಕಣ್ಣಿನ ಹಾಗೆ ಸೊಸೆಯನ್ನೇ ನೋಡುತ್ತಿತ್ತು. ಅದನ್ನು ಮರುದಿನ ಬೆಳಿಗ್ಗೆ ತಾನೇ ತಿಂದು ಕೆಲಸಕ್ಕೆ ಹೋದಳು. ಆ ದಿನ ಕೌಂಟರಿನಲ್ಲಿ ಯಾರನ್ನೂ ನಗುಮೊಗದಿಂದ ಮಾತಾಡಿಸಲಿಲ್ಲ.

ಅಂಗಡಿಯಲ್ಲಿ ಬೇರೆ ತೊಂದರೆ ನಡೆದಿತ್ತು. ತಾತನ ಕುರ್ಚಿಯಲ್ಲಿ ಕೂರುವವರು ಕಡಿಮೆಯಾದರು. ಕಾಯುವ ಬೆಂಚಿನಲ್ಲಿ ಕೂತವರು ಕಿಟಕಿ ಪಕ್ಕದ ಕುರ್ಚಿ ಖಾಲಿಯಿದ್ದರೂ, "ಪರವಾಗಿಲ್ಲ, ಪೇಪರ್ ಓದ್ತಿರ್ತೀನಿ," ಎನ್ನುತ್ತಿದ್ದರು. ಯಾರದೋ ಕಿವಿಯ ಮುಂದಿನ ಕೂದಲು ಒಂದು ಕಡೆ ಉದ್ದ ಉಳಿಯಿತು. ಒಮ್ಮೆ ಗಿರಾಕಿಯೊಬ್ಬ ತನ್ನ ನಾಯಿ ಕಳೆದುಹೋದ ಕಥೆ ಹೇಳುತ್ತಿದ್ದಾಗ ತಾತ ಬಿಕ್ಕಿ ಬಿಕ್ಕಿ ಅತ್ತ. ನಾಯಿ ಸಿಕ್ಕಿತೆಂದರೂ ಅಳು ನಿಲ್ಲಲಿಲ್ಲ.

ಆ ಮನೆಯಲ್ಲಿ ಕ್ಷೌರದವರು ತಮ್ಮ ಗಡ್ಡವನ್ನು ತಾವು ಮಾಡಿಕೊಳ್ಳುತ್ತಿರಲಿಲ್ಲ. ಅಂಗಡಿ ತೆಗೆಯುವ ಮುಂಚೆ ತಾತನ ಗಡ್ಡ ಮಗ ತೆಗೆಯುತ್ತಿದ್ದ. ಆಮೇಲೆ ಮಗ ಕಿಟಕಿ ಪಕ್ಕದ ಕುರ್ಚಿಗೆ ಬಂದು ಕೂರುತ್ತಿದ್ದ. ಮಗನಿಗೆ ಮೀಸೆ ಮೂಡಿದ ಕಾಲದಿಂದ ಹೀಗೇ ನಡೆದಿತ್ತು. ಈ ಚಳಿಗಾಲದಲ್ಲಿ ಮಾತ್ರ ಒಂದು ಬೆಳಿಗ್ಗೆ ತಾತ ಕತ್ತಿಯನ್ನು ಮಗನ ಗಂಟಲ ಮೇಲಿಟ್ಟು, ಕೈಯನ್ನು ಅಲ್ಲೇ ನಿಲ್ಲಿಸಿ, ಏನು ಮಾಡುತ್ತಿದ್ದೆನೆಂಬುದನ್ನೇ ಮರೆತವನ ಹಾಗೆ ಕಿಟಕಿಯಾಚೆ ನೋಡುತ್ತಾ ನಿಂತುಬಿಟ್ಟ. ಮಗ ಉಸಿರು ಬಿಡದೆ ಕೂತಿದ್ದು ಸ್ವಲ್ಪ ಹೊತ್ತು. ಅಂದಿನಿಂದ ಅವನು ಗಡ್ಡ ಬಿಡತೊಡಗಿದ.

"ಯಾವಾಗ ತೆಗೀತೀಯೋ ಈ ಪೊದೆ?" ಎಂದು ತಾತ ಕೇಳುತ್ತಿದ್ದ. "ಕ್ಷೌರದವನ ಮುಖ ಹೀಗಿದ್ರೆ ಗಿರಾಕಿ ಬರ್ತಾನಾ? ಬಾ, ಕೂತ್ಕೋ."

"ಈಗ ಇದೇ ಫ್ಯಾಷನ್ನು ಅಪ್ಪ."

"ಬಾರೋ, ಒಂದ್ನಿಮಿಷದ ಕೆಲಸ."

"ನಾಳೆ," ಎನ್ನುತ್ತಿದ್ದ ಮಗ. ತಾತ ಹೆಗಲ ಮೇಲಿನ ಟವೆಲನ್ನು ಕುರ್ಚಿಯ ಮೇಲೆ ಒಮ್ಮೆ ಝಾಡಿಸುತ್ತಿದ್ದ.

ತಾತನ ಕುರ್ಚಿಗೆ ತಪ್ಪದೆ ಬರುತ್ತಿದ್ದವನು ಒಬ್ಬನೇ. ಹಿಂದಿನ ಬೀದಿಯ ನಿವೃತ್ತ ಬಸ್ ಡ್ರೈವರ್. ಅವನು ಬೇರೆಯವರ ಕೈಗೆ ಮುಖ ಕೊಟ್ಟವನೇ ಅಲ್ಲ. ಮಗ ತಿಂಡಿಗೆಂದು ಮೇಲೆ ಹೋದ ಹೊತ್ತು ನೋಡಿಕೊಂಡು ಬರುತ್ತಿದ್ದ. ಮಗ ಇಳಿದು ಬರುವಾಗ ಡ್ರೈವರ್ ಎಡಗೆನ್ನೆಗೆ ಕರವಸ್ತ್ರ ಒತ್ತಿಕೊಂಡು ಹೊರಟಿರುತ್ತಿದ್ದ.

"ಏನಾಯ್ತು ಡ್ರೈವರ್ ಮಾಮ?"

"ಹಲ್ಲುನೋವು ಕಣಪ್ಪ."

"ಇನ್ನೂ ಹೋಗಿಲ್ವಾ?"

"ಹೋಗುತ್ತೆ, ಬರುತ್ತೆ."

"ಪಾಪ," ಎನ್ನುತ್ತಿದ್ದ ತಾತ, ಕತ್ತಿ ಒರೆಸುತ್ತಾ. "ತೆಗೆಸಿಬಿಡು ಅಂದ್ರೆ ಕೇಳಲ್ಲ ಇವನು."

ಬೇಸಿಗೆ ಕಾಲಿಡುತ್ತಿದ್ದ ಹಾಗೆ ಒಂದು ಬೆಳಿಗ್ಗೆ ತಾತ ಅಂಗಿಯ ಬಲತೋಳು ಮಾತ್ರ ಹಾಕಿಕೊಂಡು, ಎಡತೋಳು ಬೆನ್ನ ಹಿಂದೆ ನೇತಾಡುತ್ತಿದ್ದಂತೆಯೇ ಕೆಳಗಿಳಿದು ಬಂದ. ಹೆಜ್ಜೆಗಳು ಚಿಕ್ಕವಾಗಿದ್ದವು, ಪಾದ ನೆಲ ಬಿಟ್ಟು ಏಳುತ್ತಿರಲಿಲ್ಲ. ಆಸ್ಪತ್ರೆಗೆ ಕರೆದೊಯ್ದರು. ತಲೆಯ ಸ್ಕ್ಯಾನ್ ತೆಗೆದರು. ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಸೊಸೆಗಿಂತ ಚಿಕ್ಕವಳು, ಮಾತು ನಿಧಾನ.

"ತಲೆಯೊಳಗಿನ ಸಣ್ಣ ರಕ್ತನಾಳಗಳು ಒಂದೊಂದಾಗಿ ಕಟ್ಟಿಕೊಳ್ತಾ ಇವೆ. ಒಂದೊಂದೂ ಒಂದು ಸಣ್ಣ ಸ್ಟ್ರೋಕು. ಕೆಲವು ನಿಮಗೆ ಗೊತ್ತೇ ಆಗಿರೋದಿಲ್ಲ. ಮಾತು ತೊದಲಿತ್ತು ಅಂದ್ರಲ್ಲ, ಅದೂ ಒಂದು."

"ಅದು ಸರಿಹೋಯ್ತಲ್ಲ?" ಎಂದಳು ಅಜ್ಜಿ.

"ಮಾತು ಸರಿಹೋಯ್ತಮ್ಮ. ಒಳಗಿನ ಗಾಯ ಉಳಿಯುತ್ತೆ. ಇದು ಮೆಟ್ಟಿಲು ಇಳಿದ ಹಾಗೆ. ಒಂದು ಇಳೀತಾರೆ, ಅಲ್ಲೇ ಕೆಲವು ದಿನ ನಿಲ್ತಾರೆ. ಗುಣ ಆಯ್ತು ಅಂತ ಅನ್ನಿಸುತ್ತೆ. ಆಮೇಲೆ ಇನ್ನೊಂದು ಇಳೀತಾರೆ. ಮರೆವು ಬರುತ್ತೆ, ಗೊಂದಲ ಆಗುತ್ತೆ, ಕಾರಣ ಇಲ್ಲದೆ ಅಳ್ತಾರೆ, ನಗ್ತಾರೆ."

"ಮತ್ತೆ ಹತ್ತೋದು ಯಾವಾಗ?"

"ಇಳಿಯೋದನ್ನ ನಿಧಾನ ಮಾಡಬಹುದು. ಮಾತ್ರೆ ತಪ್ಪಿಸಬೇಡಿ."

"ಕತ್ತಿ ಹಿಡೀಬಹುದಾ?" ಎಂದು ಕೇಳಿದ ಮಗ. ಯಾವ ಕತ್ತಿಯೆಂದು ಕೇಳಿ ತಿಳಿದುಕೊಂಡ ಡಾಕ್ಟರು, "ನನ್ನನ್ನ ಕೇಳಿದ್ರೆ ಬೇಡ," ಎಂದಳು.

ತಟ್ಟೆಯ ವಿಷಯ ಅವಳಿಗೆ ಯಾರೂ ಹೇಳಲಿಲ್ಲ. ಅದು ಮನೆಯ ಜಗಳ, ಕಾಯಿಲೆಯಲ್ಲ.

"ನಮ್ಮನೆ ಮೆಟ್ಟಿಲು ದಿನಾ ಇಳೀತಾರೆ, ದಿನಾ ಹತ್ತುತ್ತಾರೆ. ಇವಳಿಗೇನು ಗೊತ್ತು," ಎಂದಳು ಅಜ್ಜಿ, ಬರುವಾಗ ಬಸ್ಸಿನಲ್ಲಿ.

ಆ ವಾರ ಗಂಡಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ಲೆಕ್ಕಾಚಾರ ನಡೆಸಿದರು. ಅಂಗಡಿಯ ಬಾಡಿಗೆ ಒಂದೇ ಕುರ್ಚಿಯ ಸಂಪಾದನೆಯಿಂದ ಹುಟ್ಟುತ್ತಿರಲಿಲ್ಲ. ಮಾರುಕಟ್ಟೆಯ ಹತ್ತಿರ ತನ್ನ ಕ್ಷೌರದ ಅಂಗಡಿ ಮುಚ್ಚಿದ್ದ ಹೆಂಗಸೊಬ್ಬಳು ಕುರ್ಚಿ ಬಾಡಿಗೆಗೆ ಕೇಳುತ್ತಿದ್ದಳು. ಕೈ ಒಳ್ಳೆಯದು, ಅವಳ ಗಿರಾಕಿಗಳೂ ಬರುತ್ತಾರೆ.

"ಕೊಟ್ಟುಬಿಡಿ. ಯಾರದಾದ್ರೂ ಕುತ್ತಿಗೆ ಕುಯ್ದ ಮೇಲೆ ಕೊಡೋದಾ?" ಎಂದಳು ಹೆಂಡತಿ.

ಅಜ್ಜಿ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಳು. "ಕುರ್ಚಿ ಕಿತ್ಕೊಂಡ್ರೆ ಅವರು ಹಾಸಿಗೆ ಹಿಡೀತಾರೆ. ಆವಾಗ ನೀನು ಕೌಂಟರಿಗೆ ಹೋಗು, ನಾನು ಬೆಡ್‌ಪ್ಯಾನ್ ಹಿಡ್ಕೊಂಡು ಓಡಾಡ್ತೀನಿ. ಆಗಬಹುದಾ?"

"ಯಾರು ಹಾಗಂದ್ರು ಅತ್ತೆ?"

"ಅನ್ನಬೇಕಾ? ಉಣ್ಣೋಕೆ ಸರಿಯಾಗಿ ಹಾಕದವರು ಇನ್ನೇನು ಮಾಡ್ತಾರೆ."

ಸೊಸೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕೆಳಗಿಳಿದು ಹೋದಳು. ಉಳಿದ ಬಟ್ಟೆಗಳನ್ನು ಮಗ ಒಬ್ಬನೇ ಒಣಹಾಕಿದ.

ಜಗಳ ಹೀಗೇ ಹೊಗೆಯಾಡುತ್ತಿದ್ದಾಗ ಒಂದು ರಾತ್ರಿ ಸೊಸೆ ಮೀನು ಹುರಿದಿದ್ದಳು. ತಾತ ಅನ್ನ ಮುಗಿಸಿ, ಕುರ್ಚಿಗೆ ಒರಗಿ, ಬಾಯಿ ಒರೆಸಿಕೊಂಡ. ಮೀನು ಇಟ್ಟಲ್ಲೇ ಇತ್ತು.

"ಮಾವ, ಬೇಡ ಅಂದ್ರೆ ಬೇಡ ಅಂತ ಬಾಯಿಬಿಟ್ಟು ಹೇಳಿ," ಎಂದು ಸೊಸೆ ತಟ್ಟೆಗೆ ಕೈ ಹಾಕಿದಳು.

"ಉಣ್ಣೋರ ಮುಂದಿನ ತಟ್ಟೆ ಎಳೀತೀಯಾ!" ಅಜ್ಜಿ ಇನ್ನೊಂದು ಅಂಚು ಹಿಡಿದಳು.

"ಬಿಡಿ ಅತ್ತೆ."

"ನೀನು ಬಿಡು."

ಎಳೆದಾಟದಲ್ಲಿ ತಟ್ಟೆ ಸುತ್ತು ತಿರುಗಿ ಟಣ್ ಎಂದು ಮೇಜಿನ ಮೇಲೆ ಕೂತಿತು. ತಾತ ಬಗ್ಗಿ ನೋಡಿದ. ಅವನ ಮುಖ ಅರಳಿತು.

"ಮೀನು!" ಎಂದ. "ಮೀನಿದೆ ಅಂತ ಯಾರೂ ಹೇಳಲೇ ಇಲ್ಲವಲ್ಲ."

ಅವನು ಮುಳ್ಳು ಬಿಡಿಸಿಕೊಂಡು ತಿನ್ನತೊಡಗಿದ. ಗುಬ್ಬಿ ಮೆಲ್ಲಗೆ ನೀರಿನ ಲೋಟವನ್ನು ತಾತನ ಎಡಗಡೆಗೆ ಸರಿಸಿದಳು.

"ತಾತ, ನೀರು?"

"ಎಲ್ಲಿದೆ? ತಂದುಕೊಡು."

ಅವಳು ಲೋಟವನ್ನು ಬಲಗಡೆಗೆ ಇಟ್ಟಳು.

"ಇಲ್ಲೇ ಇದೆಯಲ್ಲ, ತುಂಟಿ," ಎಂದು ತಾತ ಕುಡಿದ.

ಸೊಸೆ ನಿಧಾನವಾಗಿ ಕೂತಳು. "ಇವರಿಗೆ ಎಡಗಡೆ ಅನ್ನೋದೇ ಇಲ್ಲ," ಎಂದಳು. "ಕಣ್ಣಿಗೆ ಬೀಳ್ತಾ ಇಲ್ಲ. ನಾನು ದಿನಾ ಎಡಗಡೆಗೇ ಹಾಕ್ತಿದ್ದೆ."

"ನಾನು ಬಟ್ಟಲನ್ನ ಕೈಗೆ ಕೊಡ್ತಿದ್ದೆ," ಎಂದಳು ಅಜ್ಜಿ. "ತಿರುಗಿಸ್ಕೊಂಡು ತಿಂತಿದ್ರು." ಅವಳ ದನಿಯಲ್ಲಿ ಕೊಂಕಿರಲಿಲ್ಲ. ತನ್ನ ಪಾಲಿನ ಮೀನಿನ ತುಂಡನ್ನು ಎತ್ತಿ ಸೊಸೆಯ ತಟ್ಟೆಗೆ ಹಾಕಿದಳು. ಸೊಸೆ ಬೇಡವೆನ್ನಲಿಲ್ಲ.

ಮಗ ಮಾತ್ರ ತುತ್ತು ಕೈಯಲ್ಲಿ ಹಿಡಿದು ಕೂತಿದ್ದ. "ಡ್ರೈವರ್ ಮಾಮನ ಹಲ್ಲು," ಎಂದ.

"ಅದಕ್ಕೇನಾಯ್ತು?"

"ಅದೂ ಎಡಗಡೆ."

ಮರುದಿನ ಬೆಳಿಗ್ಗೆ ಡ್ರೈವರ್ ಕರವಸ್ತ್ರ ಒತ್ತಿಕೊಂಡು ಹೊರಟ ಮೇಲೆ ಮಗ ಅವನ ಹಿಂದೆಯೇ ಹೋದ. ಡ್ರೈವರ್ ತನ್ನ ಹಿತ್ತಲ ನಲ್ಲಿಗೆ ಸಣ್ಣ ಕನ್ನಡಿ ಸಿಕ್ಕಿಸಿಕೊಂಡು, ಎಡಗೆನ್ನೆಗೆ ಸೋಪು ಹಚ್ಚಿಕೊಂಡು ನಿಂತಿದ್ದ. ಬಲಗೆನ್ನೆ ಹೊಳೆಯುತ್ತಿತ್ತು.

"ಬಾ, ಬಾ. ನೋಡಿಬಿಟ್ಟೆಯಲ್ಲ."

"ಹಲ್ಲುನೋವು ಅಂದ್ರಿ."

"ಆ ಕಡೆ ಹಲ್ಲೇ ಇಲ್ಲ ಕಣಪ್ಪ. ಎಲ್ಲ ಉದುರಿ ಯಾವ ಕಾಲ ಆಯ್ತೋ."

"ಒಂದು ಮಾತು ಹೇಳಬಾರದಿತ್ತಾ ಮಾಮ?"

"ಹೇಳಿದ್ರೆ ಏನು ಮಾಡ್ತಿದ್ದೆ? ಕುರ್ಚಿ ಕಿತ್ಕೊಳ್ತಿದ್ದೆ." ಡ್ರೈವರ್ ಕನ್ನಡಿ ನೋಡುತ್ತಲೇ ಗೀರತೊಡಗಿದ. "ನನ್ನ ಕೈಗೆ ಮೊದಲ ಸಲ ಬಸ್ಸು ಕೊಟ್ಟ ದಿನ ಈ ಬೀದಿಯವರು ಯಾರೂ ಹತ್ತಲಿಲ್ಲ. ಇವನಾ, ಸೈಕಲ್ಲೂ ಸರಿಯಾಗಿ ಬಿಡಲ್ಲ ಅಂದ್ರು. ನಿಮ್ಮಪ್ಪ ಅಂಗಡಿಗೆ ಬೀಗ ಹಾಕ್ಕೊಂಡು ಬಂದು ಮುಂದಿನ ಸೀಟಲ್ಲಿ ಕೂತ. ಹೋಗೋಕೆ ಎಲ್ಲೂ ಇರಲಿಲ್ಲ ಅವನಿಗೆ. ಕೊನೇ ಸ್ಟಾಪಿನವರೆಗೆ ಬಂದು, ಅದೇ ಬಸ್ಸಲ್ಲಿ ವಾಪಸ್ ಬಂದ."

ಮಗ ಆ ಕಥೆಯನ್ನು ಮೊದಲು ಕೇಳಿರಲಿಲ್ಲ. ಅವನು ಕುರ್ಚಿ ಕಿತ್ತುಕೊಳ್ಳಲಿಲ್ಲ. ಅದರ ಬದಲು ಡ್ರೈವರ್ ಬಂದಾಗಲೆಲ್ಲ ತನ್ನ ಗಿರಾಕಿಯನ್ನು ಕಾಯಿಸಿ, ಕಿಟಕಿ ಪಕ್ಕದ ಕುರ್ಚಿಯ ಬಳಿ ನಿಲ್ಲತೊಡಗಿದ. ತಾತ ಕುರ್ಚಿಯ ಹಿಂದೆ ನಿಂತು ಬಲಗೆನ್ನೆ ಮುಗಿಸಿ, "ಆಯ್ತು," ಎನ್ನುತ್ತಿದ್ದ. ಮಗ ಕುರ್ಚಿಯನ್ನು ಪೂರ್ತಿ ತಿರುಗಿಸಿ ಡ್ರೈವರನ ಮುಖ ತಾತನಿಗೆ ಎದುರಾಗುವಂತೆ ಮಾಡುತ್ತಿದ್ದ. ಆಗ ಎಡಗೆನ್ನೆ ತಾತನ ಬಲಕ್ಕೆ ಬರುತ್ತಿತ್ತು.

"ಅಯ್ಯೋ, ಇದೊಂದು ಉಳಿದೇಬಿಟ್ಟಿತ್ತಲ್ಲ!" ಎಂದು ತಾತ ಪ್ರತಿಸಲವೂ ಆಶ್ಚರ್ಯಪಡುತ್ತಿದ್ದ.

"ನಿನ್ನ ಕಣ್ಣು ತಪ್ಪಿಸೋಕಾಗುತ್ತಾ," ಎನ್ನುತ್ತಿದ್ದ ಡ್ರೈವರ್.

ಮೇಲೆ ಸೊಸೆ ಊಟದ ನಡುವೆ, ಮಾತು ನಿಲ್ಲಿಸದೆ, ಮಾವನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದಳು. ಉಪ್ಪಿನ ಡಬ್ಬಿಯನ್ನು ಅಜ್ಜಿಯೇ ಮೇಲಿನ ಕಪಾಟಿಗೆ ಏರಿಸಿದಳು. ಆ ವಾರಗಳು ಚೆನ್ನಾಗಿದ್ದವು. ತಾತನ ಹೆಜ್ಜೆ ಕೊಂಚ ಹಗುರಾಯಿತು. ಆ ಡಾಕ್ಟರಿಗೆ ಏನೂ ತಿಳಿಯದೆಂಬ ಅಜ್ಜಿಯ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ. ಕುರ್ಚಿ ಕೇಳಿದ್ದ ಹೆಂಗಸಿಗೆ ಮಗ, "ಮುಂದಿನ ತಿಂಗಳು ನೋಡೋಣ," ಎಂದು ಹೇಳಿ ಕಳಿಸಿದ. ತಾತ ಅವನ ಗಡ್ಡ ನೋಡಿ, "ಬಾರೋ, ಕೂತ್ಕೋ," ಎನ್ನುವುದನ್ನು ಮಾತ್ರ ಬಿಡಲಿಲ್ಲ. ಮಗ, "ನಾಳೆ," ಎನ್ನುವುದನ್ನೂ ಬಿಡಲಿಲ್ಲ.

ಇನ್ನೊಂದು ಮೆಟ್ಟಿಲು ಇಳಿದದ್ದು ಯಾವಾಗ ಎಂದು ಯಾರಿಗೂ ಗೊತ್ತಾಗಲಿಲ್ಲ. ಬಹುಶಃ ನಿದ್ದೆಯಲ್ಲಿ. ಆ ಬೆಳಿಗ್ಗೆ ಮಗ ಎಂದಿನಂತೆ ಕುರ್ಚಿ ತಿರುಗಿಸಿ, ತನ್ನ ಗಿರಾಕಿಯ ಹತ್ತಿರ ಹೋಗಿ ಮೆಷಿನ್ ಹಿಡಿದ. ತಾತ ಎದುರಿಗಿದ್ದ ಮುಖ ನೋಡಿದ.

"ಬನ್ನಿ, ಬನ್ನಿ," ಎಂದ. "ಬಹಳ ದಿನ ಆಯ್ತು ಈ ಕಡೆ ಬಂದು."

"ಹೌದು, ಬಹಳ ದಿನ ಆಯ್ತು," ಎಂದ ಡ್ರೈವರ್.

ತಾತ ಹೊಸದಾಗಿ ನೊರೆ ಹಚ್ಚಿ ಎಡಗೆನ್ನೆ ಮುಗಿಸಿದ. ತಾನೇ ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸಿದ. ಅವನ ಕಣ್ಣಿಗೆ ಅಲ್ಲಿ ಮತ್ತೊಬ್ಬ ಗಿರಾಕಿ ಕೂತಿದ್ದ; ಆಗಲೇ ಮುಗಿಸಿದ್ದ ಬಲಗೆನ್ನೆಗೆ ಮತ್ತೆ ನೊರೆ ಹಚ್ಚಿದ. ಮೆಷಿನ್ನಿನ ಸದ್ದಿನಲ್ಲಿ ಮಗನಿಗೆ ಏನೂ ಕೇಳಲಿಲ್ಲ. ಅವನು ತಿರುಗಿ ನೋಡಿದಾಗ ಡ್ರೈವರ್ ಕಣ್ಣು ಮುಚ್ಚಿ ಕೂತಿದ್ದ. ಬಲಗೆನ್ನೆಯ ನೊರೆ ಕೆಂಪಾಗಿತ್ತು. ಕತ್ತಿ ಸುಲಿದ ಚರ್ಮದ ಮೇಲೆ ಇನ್ನೂ ಓಡುತ್ತಿತ್ತು.

"ಅಪ್ಪ, ಸಾಕು. ಕೊಡಿ ಇಲ್ಲಿ."

"ಸಾಲಲ್ಲಿ ಇನ್ನೂ ಜನ ಇದ್ದಾರಲ್ಲೋ," ಎಂದ ತಾತ.

ಮಗ ಪಟಿಕದ ಕಲ್ಲು ಒತ್ತಿ ರಕ್ತ ನಿಲ್ಲಿಸಿದ. "ಕೂಗಬಾರದಿತ್ತಾ ಮಾಮ?"

"ಏನಾಗಿಲ್ಲ ಬಿಡು. ಇಡೀ ಅಂಗಡಿಯ ಗಿರಾಕಿ ಇವತ್ತು ನಾನೊಬ್ಬನೇ ಆಗಿದ್ದೆ," ಎಂದ ಡ್ರೈವರ್. ಅಂದು ಅವನು ಕರವಸ್ತ್ರವನ್ನು ಬಲಗೆನ್ನೆಗೆ ಒತ್ತಿಕೊಂಡು ಹೋದ.

ಕತ್ತಿಗಳು ಡ್ರಾಯರಿಗೆ ಹೋದವು; ಡ್ರಾಯರಿಗೆ ಬೀಗ ಬಿತ್ತು. ಹೊಸ ಹೆಂಗಸಿಗೆ ವಾರದ ಮೊದಲ ದಿನದಿಂದ ಬರಲು ಹೇಳಿದರು. ಈ ಸಲ ಅಜ್ಜಿಯೂ ಬೇಡವೆನ್ನಲಿಲ್ಲ. ಆದರೆ ತಾತ ದಿನವೂ ಗೋಡೆ ಹಿಡಿದು ಕೆಳಗಿಳಿದು, ಟವೆಲ್ ಹೆಗಲಿಗೆ ಹಾಕಿಕೊಂಡು, ತನ್ನ ಖಾಲಿ ಕುರ್ಚಿಯ ಹಿಂದೆ ನಿಲ್ಲುತ್ತಿದ್ದ. ಊಟದ ಹೊತ್ತಿಗೆ ಕರೆದರೆ, "ಇವರೊಬ್ಬರದು ಮುಗಿಸಿ ಬರ್ತೀನಿ," ಎನ್ನುತ್ತಿದ್ದ.

"ಯಾರಾದ್ರೂ ಹೇಳಬೇಕಲ್ಲ," ಎಂದ ಮಗ.

"ನಾನಂತೂ ಹೇಳೋದಿಲ್ಲ," ಎಂದಳು ಅಜ್ಜಿ. "ಮಗ ನೀನು. ನೀನು ಹೇಳು."

ಸೊಸೆ ತರಕಾರಿ ಹೆಚ್ಚುತ್ತಿದ್ದಳು. "ಹೇಳಿದ್ರೂ ಸಂಜೆಗೆ ಮರೀತಾರೆ," ಎಂದಳು. "ನಾಳೆ ಮತ್ತೆ ಹೇಳಬೇಕು. ನಾಡಿದ್ದು ಮತ್ತೆ. ದಿನಾ ಒಂದೊಂದು ಸಲ ಕುರ್ಚಿ ಕಿತ್ಕೊಂಡ ಹಾಗಾಗುತ್ತೆ."

ಆ ಮಾತು ಅಲ್ಲಿಗೇ ನಿಂತಿತು.

ರಜೆಯ ದಿನ ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ಮಗ ಹೊಸಬಳಿಗೆಂದು ಕಪಾಟು ಖಾಲಿ ಮಾಡುತ್ತಿದ್ದ. ಸೊಸೆ ಒಗೆಯಬೇಕಾದ ಟವೆಲುಗಳನ್ನು ಎತ್ತಿಕೊಂಡು ಮೆಟ್ಟಿಲ ಬುಡದಲ್ಲಿದ್ದಳು. ಕಿಟಕಿ ಪಕ್ಕ ನಿಂತಿದ್ದ ತಾತ ಮಗನನ್ನು ನೋಡಿದ. ಮಗನ ಗಡ್ಡ ಎದೆಯ ಕಡೆಗೆ ಹೊರಟಿತ್ತು.

"ಬನ್ನಿ, ಕೂತ್ಕೊಳ್ಳಿ," ಎಂದ ತಾತ. "ಬಹಳ ಬೆಳೆದುಬಿಟ್ಟಿದೆ."

ಮಗ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟ.

"ಬೇಡ ರೀ," ಎಂದಳು ಸೊಸೆ.

ಮಗ ಹೋಗಿ ಕೂತ. ಕೂತಲ್ಲಿಂದಲೇ ಡ್ರಾಯರಿನ ಬೀಗ ತೆಗೆದು, ಕತ್ತಿಯೊಳಗಿನ ಬ್ಲೇಡನ್ನು ಮೆಲ್ಲಗೆ ಜಾರಿಸಿ, ಖಾಲಿ ಹಿಡಿಯನ್ನು ತಾತನ ಮುಂದಿಟ್ಟ. ತಾತ ಕೊರಳಿಗೆ ಬಟ್ಟೆ ಸುತ್ತಿದ. ಗಂಟು ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಕತ್ತರಿಯಿಂದ ಬಲಗಡೆಯ ಗಡ್ಡ ಇಳಿಸಿದ. ಬ್ರಷ್ಷಿನಿಂದ ನೊರೆ ಎಬ್ಬಿಸಿ ಹಚ್ಚಿದ. ಕತ್ತಿ ತೆಗೆದು, ಅಭ್ಯಾಸದಂತೆ ಹೆಬ್ಬೆರಳನ್ನು ಅದರ ಅಂಚಿಗೆ ಸವರಿದ.

"ಯಾರ ತಮಾಷೆ ಇದು?" ಎಂದು ನಕ್ಕ. ಡ್ರಾಯರಿನಲ್ಲಿ ಕೈಯಾಡಿಸಿ ಪೊಟ್ಟಣ ಹುಡುಕಿ, ಹೊಸ ಬ್ಲೇಡನ್ನು ಕಾಗದದೊಳಗೇ ಮಡಿಸಿ ಎರಡು ಮಾಡಿ, ಅರ್ಧವನ್ನು ಸಿಕ್ಕಿಸಿ ಹಿಡಿ ಮುಚ್ಚಿದ. ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ.

ಸೊಸೆ ಟವೆಲುಗಳನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಮಗ ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ. ಎರಡು ಬೆರಳು ಅವನ ಚರ್ಮವನ್ನು ಮೇಲಕ್ಕೆಳೆದು ಹಿಡಿದವು. ಕತ್ತಿ ಕಿವಿಯ ಬುಡದಿಂದ ದವಡೆಗೆ ಇಳಿಯಿತು. ದವಡೆಯಿಂದ ಗಂಟಲಿಗೆ ಬಂದು ನಿಂತಿತು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಕತ್ತಿ ಮತ್ತೆ ಚಲಿಸಿತು. ಒಂದು ಗೀರೂ ಆಗಲಿಲ್ಲ.

ತಾತ ಒದ್ದೆ ಟವೆಲಿನಿಂದ ಒರೆಸಿದ. ಕೈಗನ್ನಡಿ ತೆಗೆದು ಮಗನ ಮುಂದೆ ಹಿಡಿದ.

"ನೋಡ್ಕೊಳ್ಳಿ. ಸರಿಯಾಯ್ತಾ?"

ಮಗ ಕಣ್ಣು ತೆರೆದ. ಕನ್ನಡಿಯಲ್ಲಿ ಅರ್ಧ ಮುಖ ನುಣ್ಣಗಿತ್ತು. ಇನ್ನರ್ಧದಲ್ಲಿ ಗಡ್ಡ ಪೂರ್ತಿಯಾಗಿ ಇತ್ತು. ಅವನ ಕಾಲು ನೆಲದ ಮೇಲಿತ್ತು. ಸ್ವಲ್ಪ ಒತ್ತಿದ್ದರೆ ಕುರ್ಚಿ ತಿರುಗುತ್ತಿತ್ತು. ಅವನು ಒತ್ತಲಿಲ್ಲ.

"ಚೆನ್ನಾಗಿದೆ," ಎಂದ. "ಬಹಳ ಚೆನ್ನಾಗಿದೆ."

"ನಮ್ಮ ಹುಡುಗನೊಬ್ಬ ಇದ್ದಾನೆ, ಕೂತ್ಕೋ ಅಂದ್ರೆ ನಾಳೆ ಅಂತಾನೆ," ಎಂದ ತಾತ, ಕೊರಳ ಬಟ್ಟೆ ಬಿಚ್ಚಿ ಝಾಡಿಸುತ್ತಾ. ಆಮೇಲೆ ಹೆಗಲ ಟವೆಲನ್ನು ಮಡಿಸಿ ಕುರ್ಚಿಯ ತೋಳಿನ ಮೇಲಿಟ್ಟು, "ಇವತ್ತಿಗೆ ಮುಗೀತು," ಎಂದು ಮೆಟ್ಟಿಲ ಕಡೆ ನಡೆದ. ಸೊಸೆ ಅವನ ಎಡಗೈ ಹಿಡಿದುಕೊಂಡು ಮೇಲೆ ಹತ್ತಿಸಿದಳು.

ಅವಳು ಇಳಿದು ಬಂದಾಗ ಮಗ ಇನ್ನೂ ಆ ಕುರ್ಚಿಯಲ್ಲೇ ಕೂತಿದ್ದ. "ಹೊಸಬಳಿಗೆ ನನ್ನ ಕುರ್ಚಿ ಕೊಡ್ತೀನಿ," ಎಂದ. "ಇದರ ಹಿಂದೆ ನಾನು ನಿಲ್ತೀನಿ. ಅಪ್ಪ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂರಲಿ. ಏನಾದ್ರೂ ಹೇಳ್ತಿರಲಿ ನನಗೆ."

ಸೊಸೆ ಕಿಟಕಿಯನ್ನೂ ಕುರ್ಚಿಯನ್ನೂ ನೋಡಿದಳು. ಮೂಲೆಯ ಸ್ಟೂಲನ್ನು ಎತ್ತಿ ಕಿಟಕಿಯ ಕಡೆಗೆ ಇಟ್ಟಳು. "ಇಲ್ಲಿ ಇರಲಿ," ಎಂದಳು. "ಇಲ್ಲಿ ಕೂತ್ರೆ ನೀವು ಅವರ ಬಲಕ್ಕೆ ಬರ್ತೀರಿ. ಕಾಣ್ತೀರಿ."

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಮಗನ ಮುಖ ನೋಡಿ ಅಜ್ಜಿಯ ಕೈಯಲ್ಲಿದ್ದ ಸೌಟು ನಿಂತಿತು. ಸೊಸೆಯ ಕಡೆ ನೋಡಿ, ಮತ್ತೆ ಬಡಿಸತೊಡಗಿದಳು. ತಾತ ಅನ್ನ ಮುಗಿಸಿದ. ಸೊಸೆ ತಟ್ಟೆ ತಿರುಗಿಸಿಟ್ಟಳು.

"ಮೊಟ್ಟೆ!" ಎಂದ ತಾತ.

ಗುಬ್ಬಿಗೆ ಇನ್ನು ತಡೆಯಲಾಗಲಿಲ್ಲ. "ಅಪ್ಪಾ, ಎಡಗಡೆ ಏನಾಯ್ತು?"

ಮಗ ಜೇಬಿನಿಂದ ಕರವಸ್ತ್ರ ತೆಗೆದು ಗಡ್ಡದ ಮೇಲೆ ಒತ್ತಿಕೊಂಡ. "ಹಲ್ಲುನೋವು," ಎಂದ.

ತಾತ ಮೊಟ್ಟೆಯಿಂದ ತಲೆಯೆತ್ತಿದ.

"ಪಾಪ," ಎಂದ. "ನಮ್ಮ ಡ್ರೈವರ್‌ಗೂ ಇದೇ ತೊಂದರೆ."